ನಾಲ್ಕು ನಿಮಿಷ ಉಳಿಸಲು

ಬಹರೈನ್ ಎಷ್ಟು ಸಣ್ಣ ದೇಶವೆಂಬುದು ಅಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತು. ಮುಖ್ಯ ದ್ವೀಪದ ಉದ್ದ ಸುಮಾರು 50 ಕಿ.ಮೀ., ಅಗಲ ಅದರ ಮೂರನೇ ಒಂದರಷ್ಟು. ಸಮುದ್ರಕ್ಕೆ ಮಣ್ಣು ತುಂಬಿಸಿ ಪಡೆದ ಜಾಗವನ್ನೂ ಸೇರಿಸಿದರೆ ಇಡೀ ದೇಶದ ವಿಸ್ತೀರ್ಣ ಸುಮಾರು 780 ಚದರ ಕಿ.ಮೀ. ಅಂದರೆ ದಕ್ಷಿಣ ಕನ್ನಡ ಜಿಲ್ಲೆಯ ಸುಮಾರು ಆರನೇ ಒಂದು ಪಾಲು. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 15 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರದೇಶಗಳಿಂದ ಬಂದವರು. ಭಾರತೀಯರೇ ಮೂರು ಲಕ್ಷಕ್ಕೂ ಮಿಕ್ಕಿ ಇದ್ದಾರೆ.

ಇಷ್ಟು ಪುಟ್ಟ ದ್ವೀಪದಲ್ಲಿ ಮನುಷ್ಯ ಅಷ್ಟೊಂದು ಅವಸರದಿಂದ ಹೋಗುವುದಾದರೂ ಎಲ್ಲಿಗೆ? ಒಂದು ಸಣ್ಣ ಲೆಕ್ಕ ಹಾಕೋಣ. 15 ಕಿ.ಮೀ. ದೂರವನ್ನು (ಅಲ್ಲಿ ಅದೇ ದೊಡ್ಡ ಪ್ರಯಾಣ) ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದರೆ 11 ನಿಮಿಷ ಬೇಕು. 120ರಲ್ಲಿ ಹೋದರೆ ಏಳೂವರೆ ನಿಮಿಷ. ಉಳಿಯುವುದು ನಾಲ್ಕು ನಿಮಿಷವೂ ಅಲ್ಲ. ಅದನ್ನೂ ಮುಂದಿನ ಸಿಗ್ನಲ್ ನುಂಗಿ ಬಿಡುತ್ತದೆ. ಹಿಂದಿಕ್ಕಿ ಹೋದವನೂ ಹಿಂದೆ ಉಳಿದವನೂ ಅದೇ ಕೆಂಪು ದೀಪದ ಕೆಳಗೆ ಅಕ್ಕಪಕ್ಕ ನಿಂತಿರುತ್ತಾರೆ. ಆದರೂ ಆ ನಾಲ್ಕು ನಿಮಿಷಕ್ಕಾಗಿ ಅಲ್ಲಿ ಜನ ಸಾಯುತ್ತಾರೆ, ಕೊಲ್ಲುತ್ತಾರೆ. ಸತ್ತವರ ಪೈಕಿ ನಮ್ಮವರಿದ್ದರೆ ನಾವು ಇಲ್ಲಿ ಕುಳಿತು "ಅವನ ಆಯುಸ್ಸು ಅಷ್ಟೇ ಇತ್ತು" ಎಂದು ಹೇಳಿ ಮುಗಿಸುತ್ತೇವೆ.

ಈ ಮಾತಿನ ಬಗ್ಗೆ ನಮಗೆ ತಕರಾರಿದೆ. ಅದಕ್ಕಾಗಿಯೇ ಈ ಲೇಖನ.

ಮನಾಮದ ಹೊರವರ್ತುಲದ ಹೆದ್ದಾರಿಗಳಲ್ಲಿ ಒಮ್ಮೆಯಾದರೂ ಪ್ರಯಾಣಿಸಿದವರಿಗೆ ಆ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಎಡಗಡೆಯ ವೇಗದ ಪಥದಲ್ಲಿ ನೀವು ನಿಗದಿತ ಮಿತಿಯಲ್ಲೇ ಸಾಗುತ್ತಿರುತ್ತೀರಿ. ಹಿಂದಿನಿಂದ ಬಂದ ದೊಡ್ಡ ಗಾಡಿಯೊಂದು ನಿಮ್ಮ ಬಂಪರಿಗೆ ಮೂಗು ತಾಗಿಸಿದಂತೆ ಅಂಟಿಕೊಂಡು ದೀಪವನ್ನು ಚಕಚಕನೆ ಮಿನುಗಿಸತೊಡಗುತ್ತದೆ. ಸರಿಯಲು ಪಕ್ಕದ ಪಥದಲ್ಲಿ ಜಾಗವಿಲ್ಲ. ಮುಂದೆ ಹೋಗಲು ನಿಮ್ಮ ಮುಂದಿರುವ ಗಾಡಿ ಬಿಡುವುದಿಲ್ಲ. ಅಷ್ಟರಲ್ಲಿ ಆತ ಬಲಗಡೆಯ ಸಣ್ಣ ಸಂದಿನಲ್ಲಿ ನುಸುಳಿ, ಕೆಟ್ಟು ನಿಂತ ಗಾಡಿಗಳಿಗೆಂದು ಬಿಟ್ಟ ರಸ್ತೆಯಂಚಿನ ಪಥಕ್ಕೂ ಇಳಿದು ಮುಂದೆ ಹೋಗಿಬಿಟ್ಟಿರುತ್ತಾನೆ. ಒಂದು ಕೈಯಲ್ಲಿ ಮೊಬೈಲು ಬೇರೆ. ರಮಝಾನಿನಲ್ಲಿ ಮಗ್ರಿಬ್ ಅಝಾನಿಗೆ ಹತ್ತು ನಿಮಿಷ ಇರುವಾಗ ಇದೇ ದೃಶ್ಯ ಇನ್ನಷ್ಟು ಭೀಕರವಾಗುತ್ತದೆ. ದಿನವಿಡೀ ಹಸಿವು ಬಾಯಾರಿಕೆಗಳನ್ನು ಸಹಿಸಿದವನಿಗೆ ಕೊನೆಯ ಹತ್ತು ನಿಮಿಷದ ಸಹನೆ ಇರುವುದಿಲ್ಲ. ದಾರಿಯಲ್ಲಿ ತಡವಾದವರು ಧಾವಿಸದಿರಲೆಂದು ಸಿಗ್ನಲುಗಳಲ್ಲಿ ನಿಂತು ಖರ್ಜೂರ ಮತ್ತು ನೀರಿನ ಪೊಟ್ಟಣ ಹಂಚುವ ಯುವಕರು ಗಲ್ಫ್ ನಗರಗಳಲ್ಲಿದ್ದಾರೆ. ಅವರಿಗೆ ನಮ್ಮ ಸಲಾಮ್. ಆದರೆ ಒಂದು ಖರ್ಜೂರ ಕೊಟ್ಟು ತಡೆಯಬೇಕಾದಷ್ಟು ಅವಸರ ಉಪವಾಸಿಗನಿಗೆ ಏಕೆ ಬರಬೇಕು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ವಾರಾಂತ್ಯದ ಚಿತ್ರ ಬೇರೆ. 1986ರಲ್ಲಿ ತೆರೆದ 25 ಕಿ.ಮೀ.ಗಳ ಕಿಂಗ್ ಫಹದ್ ಸೇತುವೆ ಈ ದ್ವೀಪವನ್ನು ಸೌದಿ ಅರೇಬಿಯಕ್ಕೆ ಜೋಡಿಸಿದೆ. ವಾರದ ಕೊನೆಗೆ ಆ ಕಡೆಯಿಂದ ಕಾರುಗಳು ಸಾಲುಗಟ್ಟಿ ಬರುತ್ತವೆ. ಸಣ್ಣ ದ್ವೀಪದ ರಸ್ತೆಗಳು ದೊಡ್ಡ ಮರುಭೂಮಿಯ ವೇಗಕ್ಕೆ ಒಗ್ಗಿದವರಿಂದ ತುಂಬುತ್ತವೆ. ಹಾಗೆಂದು ತಪ್ಪನ್ನೆಲ್ಲ ನೆರೆಯವರ ತಲೆಗೆ ಕಟ್ಟುವಂತಿಲ್ಲ. ಫಾರ್ಮುಲಾ ಒನ್ ಕಾರು ಪಂದ್ಯವನ್ನು ಮಧ್ಯಪ್ರಾಚ್ಯಕ್ಕೆ ಮೊದಲು ತಂದ ದೇಶ ಬಹರೈನೇ. 2004ರಿಂದ ಸಖೀರ್‌ನ ಮರಳಿನ ನಡುವೆ ಆ ಪಂದ್ಯ ನಡೆಯುತ್ತಾ ಬಂದಿದೆ. ಓಡಿಸುವ ಚಪಲವಿದ್ದವರಿಗೆ ಅಲ್ಲೊಂದು ಜಾಗವಿದೆ. ಆ ಪಂದ್ಯದಲ್ಲಿ ರಸ್ತೆ ದಾಟುವವರು ಯಾರೂ ಇರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಇಲ್ಲಿ ಇರುತ್ತಾರೆ. ವಿಷಯದ ತಿರುಳಿರುವುದೂ ಅಲ್ಲೇ.

ಬಹರೈನಿನ ಪತ್ರಿಕೆಗಳಲ್ಲಿ ಬರುವ ಅಪಘಾತದ ಸುದ್ದಿಗಳನ್ನು ಗಮನಿಸಿ ನೋಡಿ. "ಏಷ್ಯನ್ ವ್ಯಕ್ತಿ ರಸ್ತೆ ದಾಟುತ್ತಿದ್ದಾಗ" ಎಂಬ ಒಂದು ಸಾಲು ಮತ್ತೆ ಮತ್ತೆ ಎದುರಾಗುತ್ತದೆ. ಹೆಸರಿಲ್ಲ, ಊರಿಲ್ಲ. ಏಷ್ಯನ್ ಎಂದರೆ ಯಾರು? ಭಟ್ಕಳದವನೋ, ಕುಂದಾಪುರದವನೋ, ಸಿಲ್ಹೆಟ್‌ನವನೋ, ಪೇಶಾವರದವನೋ ಯಾರೂ ಆಗಬಹುದು. ಆದರೆ ಆತ ಕಾರಿನೊಳಗಿದ್ದವನಲ್ಲ ಎಂಬುದು ಮಾತ್ರ ಖಚಿತ. ಕಾರಿನೊಳಗಿರುವವನಿಗೆ ಬೆಲ್ಟ್ ಇದೆ, ಗಾಳಿಚೀಲವಿದೆ, ಉಕ್ಕಿನ ಕವಚವಿದೆ. ರಸ್ತೆ ದಾಟುವವನಿಗೆ ಇರುವುದು ಕಾಲಿನ ಚಪ್ಪಲಿ ಮಾತ್ರ.

ಆತ ಏಕೆ ಅಲ್ಲಿ ದಾಟುತ್ತಾನೆ? "ಬುದ್ಧಿಯಿಲ್ಲ, ನಿಯಮ ಗೊತ್ತಿಲ್ಲ, ಹಳ್ಳಿಯಿಂದ ಬಂದವರು" ಎಂಬ ಉತ್ತರ ಬಹಳ ಸುಲಭ. ಎ.ಸಿ. ಕಾರಿನಲ್ಲಿ ಕುಳಿತವರಿಗೆ ಅದು ಹಿತವಾಗಿಯೂ ಕೇಳಿಸುತ್ತದೆ. ಆದರೆ ಭೂಪಟ ತೆರೆದು ನೋಡಿದರೆ ಬೇರೆ ಉತ್ತರ ಸಿಗುತ್ತದೆ. ಸಲ್ಮಾಬಾದ್, ಸಿತ್ರಾ, ಹಿದ್ದ್‌ನಂತಹ ಕೈಗಾರಿಕಾ ಪ್ರದೇಶಗಳಲ್ಲಿ ಕಾರ್ಮಿಕರ ಕ್ಯಾಂಪುಗಳಿವೆ. ಕ್ಯಾಂಪು ಹೆದ್ದಾರಿಯ ಒಂದು ಕಡೆ, ಅಂಗಡಿ, ಹಣ ಕಳಿಸುವ ಎಕ್ಸ್‌ಚೇಂಜು, ಬಸ್ ನಿಲ್ದಾಣ, ಕೆಲವೊಮ್ಮೆ ಮಸೀದಿ ಕೂಡ ಮತ್ತೊಂದು ಕಡೆ. ನಡುವೆ ಆರು ಪಥದ, ಎಂಟು ಪಥದ ರಸ್ತೆ. ಸಮೀಪದ ಮೇಲ್ಸೇತುವೆಗೋ ಸಿಗ್ನಲಿಗೋ ಹೋಗಿ ಬರಲು ಒಂದೆರಡು ಕಿ.ಮೀ. ಸುತ್ತಬೇಕು. ಆಗಸ್ಟ್ ತಿಂಗಳಿನ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ, ಸಮುದ್ರದ ಬೆವರೊರೆಸುವ ಗಾಳಿಯಲ್ಲಿ, ಹತ್ತು ಗಂಟೆ ದುಡಿದು ಬಂದ ಮನುಷ್ಯ ಒಂದು ಪ್ಯಾಕೆಟ್ ಕುಬ್ಬೂಸಿಗಾಗಿ ಅಷ್ಟು ದೂರ ಸುತ್ತುತ್ತಾನೆಯೇ? ನೀವು ಸುತ್ತುತ್ತೀರಾ? ನಾವಂತೂ ಸುತ್ತಲಾರೆವು. ಆತ ನೇರ ದಾಟುತ್ತಾನೆ. ಅದು ಹೆಚ್ಚಾಗಿ ಮಗ್ರಿಬಿನ ಮಬ್ಬುಬೆಳಕಿನ ಹೊತ್ತು. ಮೈಮೇಲೆ ಕೆಲಸದ ಕಡುನೀಲಿ ಬಟ್ಟೆ.

ಗಂಟೆಗೆ 120 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ 33 ಮೀಟರ್ ಕ್ರಮಿಸುತ್ತದೆ. ಚಾಲಕ ಮುಂದಿರುವುದು ಮನುಷ್ಯನೆಂದು ಗುರುತಿಸಿ ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಗಾಡಿ ನಲ್ವತ್ತು ಐವತ್ತು ಮೀಟರ್ ಮುಂದೆ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಲೆಕ್ಕವನ್ನು ಎಲ್ಲ ಚಾಲಕರೂ ಬಾಯಿಪಾಠ ಮಾಡಬೇಕು. ಕಾರಿನ ಮುಂಭಾಗ ಬಡಿದ ಪಾದಚಾರಿ ಸಾಯುವ ಅಪಾಯವು ವೇಗ 50ರಿಂದ 65 ಕಿ.ಮೀ.ಗೆ ಏರುವಾಗಲೇ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ. ಏರಿಕೆ ಬರೇ 15 ಕಿ.ಮೀ.! ಸರಾಸರಿ ವೇಗ ನೂರಕ್ಕೆ ಒಂದರಷ್ಟು ಹೆಚ್ಚಾದರೆ ಸಾವು ತರುವ ಅಪಘಾತದ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಹೆಚ್ಚುತ್ತದೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಹಾಗಾದರೆ 80ರ ಮಿತಿಯ ರಸ್ತೆಯಲ್ಲಿ 120ರಲ್ಲಿ ಹೋಗುವವನು ಏನನ್ನು ಓಡಿಸುತ್ತಿದ್ದಾನೆ? ಕಾರನ್ನಂತೂ ಅಲ್ಲ.

ಇನ್ನು ಆ ಆಯುಸ್ಸಿನ ಮಾತು. ಗಲ್ಫಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಎದೆ ಧಸಕ್ಕೆನ್ನುತ್ತದೆ. ಸುದ್ದಿ ಖಚಿತವಾದ ಮೇಲೆ ನೆರೆಹೊರೆಯವರು ಸೇರುತ್ತಾರೆ. ಹಿರಿಯರೊಬ್ಬರು "ಎಲ್ಲವೂ ಬರೆದಿಟ್ಟದ್ದು" ಎನ್ನುತ್ತಾರೆ. ದುಃಖದ ಮನೆಯಲ್ಲಿ ಆ ಮಾತು ಸಾಂತ್ವನ, ಅಲ್ಲಿ ಅದಕ್ಕೆ ಬೆಲೆಯಿದೆ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಕುಳಿತು ರಸ್ತೆ ಸುರಕ್ಷತೆಯ ಉಪನ್ಯಾಸ ಕೊಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಆ ಮಾತು ಮಯ್ಯಿತ್ತಿನ ಮನೆಯಿಂದ ಎದ್ದು ಜಮಾಅತಿನ ಸಭೆಗೆ, ಸಂಘದ ಕಚೇರಿಗೆ, ಪತ್ರಿಕೆಯ ಪುಟಕ್ಕೆ, ಕೊನೆಗೆ ಕಂಪೆನಿಯ ಮ್ಯಾನೇಜರನ ಬಾಯಿಗೂ ಬಂದು ಕುಳಿತರೆ ಅದು ಸಾಂತ್ವನವಾಗಿ ಉಳಿಯುವುದಿಲ್ಲ, ತಪ್ಪಿತಸ್ಥನ ನೆಪವಾಗುತ್ತದೆ. ತಮಾಷೆಯೆಂದರೆ ಇದೇ ಜನ ಮಗುವಿಗೆ ಜ್ವರ ಬಂದರೆ ಆಯುಸ್ಸಿನ ಮೇಲೆ ಭಾರ ಹಾಕಿ ಕುಳಿತುಕೊಳ್ಳುವುದಿಲ್ಲ, ಡಾಕ್ಟರರ ಬಳಿಗೆ ಓಡುತ್ತಾರೆ. ಅಂಗಡಿಗೆ ರಾತ್ರಿ ಎರಡೆರಡು ಬೀಗ ಹಾಕುತ್ತಾರೆ. ಒಂಟೆಯನ್ನು ಕಟ್ಟಿದ ನಂತರ ದೇವರ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿಯವರ ಬೋಧನೆ ಬೀಗದ ವಿಷಯದಲ್ಲಿ ನೆನಪಿಗೆ ಬರುತ್ತದೆ, ಸೀಟ್ ಬೆಲ್ಟಿನ ವಿಷಯದಲ್ಲಿ ಮರೆತುಹೋಗುತ್ತದೆ.

ಬಹರೈನಿನ ನೆರೆಯ ಯು.ಎ.ಇ.ಯನ್ನು ನೋಡಿ. 2010 ಮತ್ತು 2021ರ ನಡುವೆ ರಸ್ತೆಯ ಸಾವುಗಳನ್ನು ಅರ್ಧಕ್ಕಿಂತಲೂ ಕೆಳಕ್ಕೆ ಇಳಿಸಿದ ಹತ್ತು ದೇಶಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಹೆಸರಿಸಿದೆ. ಅವುಗಳಲ್ಲಿ ಯು.ಎ.ಇ. ಒಂದು. ಅದೇ ಮರಳು, ಅದೇ ಬಿಸಿಲು, ಅದೇ ದೊಡ್ಡ ಕಾರುಗಳು, ಅದೇ ಕೇರಳ-ಕರಾವಳಿಯ ಕಾರ್ಮಿಕರು. ಅಬುಧಾಬಿಯಲ್ಲಿ ಫಲಕದಲ್ಲಿ ಬರೆದ ಮಿತಿಗಿಂತ 20 ಕಿ.ಮೀ. ಹೆಚ್ಚು ಹೋದರೂ ಕ್ಯಾಮರಾ ಸುಮ್ಮನಿರುತ್ತಿತ್ತು. 2018ರ ಆಗಸ್ಟಿನಲ್ಲಿ ಆ ವಿನಾಯಿತಿಯನ್ನು ತೆಗೆದು ಹಾಕಿದರು. ಫಲಕದಲ್ಲಿ ಬರೆದದ್ದೇ ಮಿತಿಯಾಯಿತು. ಹಾಗಾದರೆ ಕೇಳೋಣ: ಅಲ್ಲಾಹನು ಯು.ಎ.ಇ.ಯಲ್ಲಿರುವವರ ಆಯುಸ್ಸನ್ನು ಮಾತ್ರ ಹೆಚ್ಚಿಸಿದನೇ? ಮನಾಮದಲ್ಲಿರುವವರದ್ದನ್ನು ಮರೆತನೇ? ವಿಧಿಯ ಹೆಸರಿನಲ್ಲಿ ನಾವು ದೇವರ ಮೇಲೆ ಹೊರಿಸುತ್ತಿರುವುದು ಮನುಷ್ಯರು ಮಾಡಿದ, ಮನುಷ್ಯರು ಮಾಡದೆ ಬಿಟ್ಟ ಕೆಲಸಗಳನ್ನು.

ಧರ್ಮದ ಹೆಸರನ್ನು ಎತ್ತಿಯಾಯಿತು. ಆ ಧರ್ಮ ನಿಜವಾಗಿ ಏನು ಹೇಳುತ್ತದೆಂಬುದನ್ನೂ ನೋಡಿಬಿಡೋಣ. ಕುರ್‌ಆನಿನ ಅನ್ನಿಸಾ ಅಧ್ಯಾಯದ 92ನೇ ಸೂಕ್ತ ಉದ್ದೇಶವಿಲ್ಲದೆ ನಡೆದ ಹತ್ಯೆಯ ಬಗ್ಗೆಯೇ ಇದೆ. ಗಮನಿಸಿ, ಬೇಕೆಂದೇ ಮಾಡಿದ ಕೊಲೆಯಲ್ಲ, ಅಚಾತುರ್ಯದಿಂದ ಆದದ್ದು. ಅದಕ್ಕೂ ಎರಡು ಹೊಣೆಗಳಿವೆ. ಒಂದು, ಸತ್ತವನ ಕುಟುಂಬಕ್ಕೆ ದಿಯತ್, ಅಂದರೆ ಪರಿಹಾರ. ಎರಡು, ಕೊಂದವನು ಸ್ವತಃ ಮಾಡಬೇಕಾದ ಪ್ರಾಯಶ್ಚಿತ್ತ. ಗುಲಾಮನೊಬ್ಬನ ವಿಮೋಚನೆ, ಅದು ಸಾಧ್ಯವಿಲ್ಲದಿದ್ದರೆ ಎರಡು ತಿಂಗಳು ಎಡೆಬಿಡದೆ ಉಪವಾಸ. ಚಾಲಕನ ನಿರ್ಲಕ್ಷ್ಯದಿಂದ ಆದ ಅಪಘಾತಗಳಿಗೂ ಇದು ಅನ್ವಯಿಸುತ್ತದೆಂದು ನಮ್ಮ ಕಾಲದ ವಿದ್ವಾಂಸರು ಫತ್ವಾ ನೀಡಿದ್ದಾರೆ. ಇಂದು ಏನಾಗಿದೆ? ಪರಿಹಾರದ ಹೊಣೆಯನ್ನು ವಿಮಾ ಕಂಪೆನಿ ಹೊತ್ತುಕೊಂಡಿತು. ಅದು ಒಳ್ಳೆಯದೇ, ಇಲ್ಲದಿದ್ದರೆ ಬಡ ಚಾಲಕ ಜೀವನವಿಡೀ ಜೈಲಿನಲ್ಲೋ ಸಾಲದಲ್ಲೋ ಕೊಳೆಯುತ್ತಿದ್ದ. ಆದರೆ ಎರಡು ತಿಂಗಳ ಉಪವಾಸವನ್ನು ಯಾವ ವಿಮಾ ಕಂಪೆನಿ ಹಿಡಿಯುತ್ತದೆ? ರಸ್ತೆಯಲ್ಲಿ ಒಂದು ಜೀವ ತೆಗೆದದ್ದಕ್ಕಾಗಿ ಅರುವತ್ತು ದಿನ ಹಸಿದಿದ್ದವರು ಎಷ್ಟು ಮಂದಿಯನ್ನು ನೀವು ಕಂಡಿದ್ದೀರಿ? ವಿಧಿಯ ಸೂಕ್ತಗಳನ್ನು ಸಲೀಸಾಗಿ ಉದ್ಧರಿಸುವ ನಮ್ಮ ಭಾಷಣಕಾರರು ಈ ಸೂಕ್ತದ ಹತ್ತಿರ ಸುಳಿಯುವುದಿಲ್ಲ. ಏಕೆಂದರೆ ಅದು ಕೇಳುವವನಿಗೆ ನೆಮ್ಮದಿ ಕೊಡುವುದಿಲ್ಲ, ಹೊಣೆ ಕೊಡುತ್ತದೆ.

ಅದೇ ಭಾಷಣಕಾರರು ಖಲೀಫಾ ಉಮರ್‌ರ ಹೇಸರಗತ್ತೆಯ ಕಥೆಯನ್ನು ಮಾತ್ರ ಬಿಡುವುದಿಲ್ಲ. ದೂರದ ಇರಾಕಿನಲ್ಲಿ ಒಂದು ಹೇಸರಗತ್ತೆ ಎಡವಿದರೂ ಅದಕ್ಕೇಕೆ ದಾರಿ ಸರಿಪಡಿಸಲಿಲ್ಲವೆಂದು ತನ್ನನ್ನು ಕೇಳಲಾಗುವುದೆಂದು ಅವರು ಅಂಜುತ್ತಿದ್ದರೆಂಬ ಆ ಪ್ರಸಿದ್ಧ ಕಥೆಯನ್ನು ನಾವು ನೂರು ವೇದಿಕೆಗಳಲ್ಲಿ ಕೇಳಿದ್ದೇವೆ, ನೂರು ಸಲ 'ಸುಬ್‌ಹಾನಲ್ಲಾಹ್' ಎಂದಿದ್ದೇವೆ. ಆ ಕಥೆ ಇರುವುದೇ ರಸ್ತೆಯ ಬಗ್ಗೆ. ಎಡವಿದ ಪ್ರಾಣಿಯ ಬುದ್ಧಿಯನ್ನು ಅವರು ಪ್ರಶ್ನಿಸಲಿಲ್ಲ, ದಾರಿಯನ್ನು ಪ್ರಶ್ನಿಸಿಕೊಂಡರು. ಎಂಟು ಪಥದ ರಸ್ತೆಯ ಬದಿಯಲ್ಲಿ ಸಾವಿರಾರು ಕಾರ್ಮಿಕರಿಗೆ ವಸತಿ ಕೊಟ್ಟು, ದಾಟಲು ದಾರಿ ಮಾಡಿಕೊಡದೆ, ಬಿದ್ದವನಿಗೆ "ನಿಯಮ ಗೊತ್ತಿಲ್ಲದವನು" ಎಂಬ ಹೆಸರು ಕೊಡುವವರು ಆ ಕಥೆಯ ಯಾವ ಕಡೆ ನಿಲ್ಲುತ್ತಾರೆ?

ಸರಕಾರ ಏನೂ ಮಾಡಿಲ್ಲವೆಂದರೆ ಸುಳ್ಳಾಗುತ್ತದೆ. ಕಾರ್ಮಿಕರನ್ನು ಕುರಿಗಳಂತೆ ತೆರೆದ ಲಾರಿಗಳಲ್ಲಿ ತುಂಬಿ ಒಯ್ಯುವುದು ಒಂದು ಕಾಲದಲ್ಲಿ ಅಲ್ಲಿ ದಿನನಿತ್ಯದ ನೋಟವಾಗಿತ್ತು. 2009ರಲ್ಲಿ ಅದನ್ನು ನಿಷೇಧಿಸಲಾಯಿತು. ಗುತ್ತಿಗೆದಾರರು ಖರ್ಚಿನ ಲೆಕ್ಕ ಮುಂದಿಟ್ಟು ಗೊಣಗಿದರು. ಆದರೂ ಬಸ್ಸುಗಳು ಬಂದವು, ಯಾವ ಕಂಪೆನಿಯೂ ಅದರಿಂದ ದಿವಾಳಿಯೇಳಲಿಲ್ಲ. ಹಾಗೆಯೇ 1979ರ ಹಳೆಯ ಸಂಚಾರ ಕಾನೂನಿನ ಜಾಗದಲ್ಲಿ 2014ರ ಹೊಸ ಕಾನೂನು ಬಂದು 2015ರಲ್ಲಿ ಜಾರಿಯಾಯಿತು. ದಂಡ ಮತ್ತು ಜೈಲುಶಿಕ್ಷೆಗಳು ಹೆಚ್ಚಾದವು. ಆದರೆ ಅದರೊಳಗೊಂದು ವಿಚಿತ್ರ ಔದಾರ್ಯವಿದೆ. ದಂಡವನ್ನು ಏಳು ದಿನದೊಳಗೆ ಕಟ್ಟಿದರೆ ಅರ್ಧ ಮಾಫಿ! ಬಟ್ಟೆ ಅಂಗಡಿಯ ಹಬ್ಬದ ರಿಯಾಯಿತಿಯಂತೆ. ತಿಂಗಳಿಗೆ 120 ದೀನಾರ್ ಸಂಬಳದ ಪಿಕಪ್ ಡ್ರೈವರನಿಗೆ ಅರ್ಧ ದಂಡವೂ ಮನೆಗೆ ಕಳಿಸುವ ಹಣದಲ್ಲಿ ಕಡಿತ. ದೊಡ್ಡ ಗಾಡಿಯ ಒಡೆಯನಿಗೆ ಪೂರ್ತಿ ದಂಡವೂ ಒಂದು ರಾತ್ರಿಯ ಊಟದ ಬಿಲ್ಲು. ಹೆಚ್ಚು ಅಪಾಯಕಾರಿಯಾಗಿ ಓಡಿಸುವುದು ಯಾರು, ಹೆಚ್ಚು ನೋಯುವುದು ಯಾರಿಗೆ?

ಸಂಸತ್ತಿನಲ್ಲಿ ಇನ್ನೊಂದು ಪರಿಹಾರ ಆಗಾಗ ತಲೆ ಎತ್ತುತ್ತದೆ. ವಿದೇಶಿಯರಿಗೆ ಚಾಲನಾ ಪರವಾನಗಿಯನ್ನೇ ಕೊಡಬಾರದು, ಕೆಲಸಕ್ಕೆ ಅಗತ್ಯವಿದ್ದವರಿಗೆ ಮಾತ್ರ ಕೊಡಬೇಕು ಎಂಬ ಬೇಡಿಕೆ ಒಂದಲ್ಲ, ಹಲವು ಬಾರಿ ಬಂದಿದೆ. ರಸ್ತೆಯ ದಟ್ಟಣೆಗೆ ವಿದೇಶಿಯರೇ ಕಾರಣವಂತೆ. ದಟ್ಟಣೆ ಬೇರೆ, ಅಪಾಯ ಬೇರೆ ಎಂಬ ಸರಳ ಸತ್ಯವನ್ನು ಈ ಮಹನೀಯರು ಗಮನಿಸುವುದಿಲ್ಲ. ದಟ್ಟಣೆಯಲ್ಲಿ ಗಾಡಿಗಳು ಆಮೆಯಂತೆ ಚಲಿಸುತ್ತವೆ, ಅಲ್ಲಿ ಒಡೆಯುವುದು ಹೆಚ್ಚೆಂದರೆ ಬಂಪರು. ಜನ ಸಾಯುವುದು ರಸ್ತೆ ಖಾಲಿಯಿದ್ದಾಗ. ವಿದೇಶಿಯ ಕೈಯಿಂದ ಕಾರನ್ನು ಕಸಿದುಕೊಂಡರೆ ಆತ ಮನೆಯಲ್ಲಿ ಕೂರುವುದಿಲ್ಲ, ಅದೇ ಹೆದ್ದಾರಿಯ ಬದಿಯಲ್ಲಿ ನಡೆಯುತ್ತಾನೆ, ದೀಪವಿಲ್ಲದ ಸೈಕಲ್ ತುಳಿಯುತ್ತಾನೆ. ಅಂದರೆ ಸಾಯುವವರ ಸಾಲಿಗೆ ಇನ್ನಷ್ಟು ಜನ ಸೇರುತ್ತಾರೆ. 2015ರಲ್ಲಿ ಬಂದ ಕೆಂಪು ಬಸ್ಸುಗಳು ಒಳ್ಳೆಯ ಹೆಜ್ಜೆ. ಮೆಟ್ರೋ ರೈಲು ವರ್ಷಗಳಿಂದ ಮಾತಿನಲ್ಲಿದೆ. 2016ರ ಜನವರಿಯವರೆಗೆ ಲೀಟರಿಗೆ 80 ಫಿಲ್ಸಿಗೆ, ಅಂದಿನ ನಮ್ಮ 14 ರೂಪಾಯಿಗೆ, ಪೆಟ್ರೋಲ್ ಹಂಚಿದ ದೇಶದಲ್ಲಿ ಬಸ್ಸು ಬಡವರ ಗಾಡಿಯಾಗಿಯೇ ಉಳಿದದ್ದು ಆಶ್ಚರ್ಯವಲ್ಲ. ಕಾರಿಲ್ಲದವನು ಲೆಕ್ಕಕ್ಕೇ ಇಲ್ಲದವನಾದದ್ದೂ ಹಾಗೆಯೇ.

ಇಷ್ಟು ಓದಿದ ಕೆಲವರಿಗೆ ಅಸಮಾಧಾನವಾಗಿರಬಹುದು. "ಅನ್ನ ಕೊಟ್ಟ ದೇಶ. ನಾವು ಅಲ್ಲಿ ಅತಿಥಿಗಳು. ಅವರ ರಸ್ತೆಯ ಬಗ್ಗೆ ಮಾತಾಡಲು ನಮಗೇನು ಹಕ್ಕಿದೆ?" ಎಂಬ ಮಾತನ್ನು ನಾವು ಬಹಳ ಕೇಳಿದ್ದೇವೆ. ಅನ್ನ ಕೊಟ್ಟ ದೇಶವೆಂಬುದು ನಿಜ. ಆದರೆ ಆ ಅನ್ನ ದಾನವಾಗಿ ಬಂದದ್ದಲ್ಲ, ದುಡಿದು ಪಡೆದದ್ದು. ಆ ಹೆದ್ದಾರಿಗಳಿಗೆ ಡಾಂಬರು ಸುರಿದವರಲ್ಲಿ, ಆ ಮೇಲ್ಸೇತುವೆಗಳಿಗೆ ಕಬ್ಬಿಣ ಕಟ್ಟಿದವರಲ್ಲಿ ನಮ್ಮ ದೇಶದ ಕೈಗಳು ಎಷ್ಟಿವೆ! ಕಟ್ಟಿದವನು ಜೀವಸಹಿತ ದಾಟಬೇಕೆಂದು ಕೇಳಿದರೆ ಅದು ಅತಿಥಿಯ ಅಹಂಕಾರವಲ್ಲ. ನಾವು ಆಳ್ವಿಕೆಯಲ್ಲಿ ಪಾಲು ಕೇಳುತ್ತಿಲ್ಲ, ಒಂದು ಕಾಲುಸೇತುವೆ ಕೇಳುತ್ತಿದ್ದೇವೆ.

"ಮೊದಲು ನಿಮ್ಮ ಭಾರತವನ್ನು ನೋಡಿಕೊಳ್ಳಿ" ಎನ್ನುವವರೂ ಇದ್ದಾರೆ. ನ್ಯಾಯವಾದ ಮಾತು. 2023ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1.72 ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಜನಸಂಖ್ಯೆಗೆ ಹೋಲಿಸಿದರೂ ಬಹರೈನ್ ನಮಗಿಂತ ಎಷ್ಟೋ ವಾಸಿ. ಆದರೆ ಇಲ್ಲಿ ಹೊಂಡ, ಹಣದ ಕೊರತೆ, ಎತ್ತಿನ ಗಾಡಿಯಿಂದ ಹಿಡಿದು ಟ್ಯಾಂಕರಿನವರೆಗೆ ಎಲ್ಲವೂ ಒಂದೇ ರಸ್ತೆಯಲ್ಲಿ. ಅಲ್ಲಿ ಈ ಯಾವ ಕಾರಣವೂ ಇಲ್ಲ. ಕನ್ನಡಿಯಂತಹ ರಸ್ತೆ, ತೈಲದ ಹಣ, ಒಂದೇ ದಿನದಲ್ಲಿ ಪೂರ್ತಿ ಸುತ್ತಿ ಪರಿಶೀಲಿಸಬಹುದಾದಷ್ಟು ಸಣ್ಣ ದೇಶ. ಯಾವ ರಸ್ತೆಯ ಯಾವ ತಿರುವಿನಲ್ಲಿ ಜನ ಸಾಯುತ್ತಾರೆಂದು ಒಂದು ಹಾಳೆಯ ಮೇಲೆ ಗುರುತು ಮಾಡಿಬಿಡಬಹುದು. ದೊಡ್ಡ ದೇಶಕ್ಕೆ ಕ್ಷಮೆಯಿದ್ದರೂ ಇರಬಹುದು, ಸಣ್ಣ ದ್ವೀಪಕ್ಕೆ ಇಲ್ಲ.

ಇನ್ನು ನಮ್ಮವರ ಪಾಲು. ರಸ್ತೆಯಲ್ಲಿ ಸಾಯುವವರಷ್ಟೇ ಅಲ್ಲ, ಸ್ಟಿಯರಿಂಗ್ ಹಿಡಿದವರಲ್ಲೂ ನಮ್ಮವರಿದ್ದಾರೆ. ಮನೆ ಡ್ರೈವರ್, ನೀರಿನ ಲಾರಿ, ಕಂಪೆನಿ ಬಸ್ಸು, ಹೋಟೆಲಿನ ಊಟ ತಲುಪಿಸುವ ಬೈಕು. ಬೆಳಗ್ಗೆ ನಾಲ್ಕಕ್ಕೆ ಕಾರ್ಮಿಕರನ್ನು ಇಳಿಸಿ, ಹಗಲಿಡೀ ಸಾಮಾನು ಸಾಗಿಸಿ, ರಾತ್ರಿ ಅದೇ ಕಾರ್ಮಿಕರನ್ನು ಕ್ಯಾಂಪಿಗೆ ಮುಟ್ಟಿಸುವ ಡ್ರೈವರನ ಕಣ್ಣು ಎಷ್ಟು ಹೊತ್ತು ತೆರೆದಿರಲು ಸಾಧ್ಯ? ಓವರ್‌ಟೈಮಿನ ಆಸೆ ಅವನದು, ಇನ್ನೊಬ್ಬ ಡ್ರೈವರನ ಸಂಬಳ ಉಳಿಸುವ ಆಸೆ ಕಂಪೆನಿಯದು. ನಿದ್ದೆಗಣ್ಣಿನಲ್ಲಿ ಗಾಡಿ ಪಲ್ಟಿಯಾದರೆ ಕೇಸು ಬೀಳುವುದು ಅವನೊಬ್ಬನ ಮೇಲೆ. ಗಂಟೆಗಳ ಪಟ್ಟಿ ಬರೆದವನ ಹೆಸರು ಆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಬೈಕಿನಲ್ಲಿ ಊಟ ಒಯ್ಯುವ ಹುಡುಗನ ಕಥೆಯೂ ಅಷ್ಟೇ. ಬಿರಿಯಾನಿ ಬಿಸಿಯಾಗಿರಬೇಕೆಂದು ಫೋನಿನಲ್ಲಿ ಗದರಿಸುವ ಗಿರಾಕಿಗಳಲ್ಲಿ ನಮ್ಮ ಕನ್ನಡದ ಕುಟುಂಬಗಳೂ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲಿರಾ?

ಊರಿನಲ್ಲಿರುವ ನಾವೂ ಇದರ ಹೊರಗಿಲ್ಲ. ಗಲ್ಫಿನವನಿಗೆ ಬಿಡುವು ಸಿಗುವುದೇ ಗಾಡಿಯಲ್ಲಿ ಕುಳಿತಾಗ. ಮನೆಗೆ ಕರೆ ಬರುವುದೂ, ಮನೆಯಿಂದ ಕರೆ ಹೋಗುವುದೂ ಆಗಲೇ. ಮಗುವಿನ ಶಾಲೆಯ ಫೀಸು, ಅಮ್ಮನ ಸಕ್ಕರೆ ಕಾಯಿಲೆ, ತಮ್ಮನ ಮದುವೆಯ ಮಾತುಕತೆ, ಅರ್ಧಕ್ಕೆ ನಿಂತ ಮನೆಯ ಕೆಲಸ ಎಲ್ಲವೂ ಆ ಹೆದ್ದಾರಿಯ ಮೇಲೆಯೇ ತೀರ್ಮಾನವಾಗುತ್ತವೆ. ಈಗಂತೂ ಮುಖ ನೋಡಿ ಮಾತಾಡುವ ವೀಡಿಯೋ ಕರೆ. "ಫೋನ್ ಸ್ವಲ್ಪ ಮೇಲೆ ಹಿಡಿ, ನಿನ್ನ ಮುಖ ಕಾಣಿಸುವುದಿಲ್ಲ" ಎನ್ನುವ ತಾಯಿಗೆ, ಮಗ ಆ ಹೊತ್ತಿನಲ್ಲಿ ಸೆಕೆಂಡಿಗೆ ಮೂವತ್ತು ಮೀಟರ್ ವೇಗದಲ್ಲಿದ್ದಾನೆಂದು ಯಾರು ಹೇಳಬೇಕು? ಕರೆ ಮಾಡಿದಾಗ "ಊಟ ಆಯಿತಾ" ಎಂಬುದಕ್ಕಿಂತ ಮೊದಲು "ಗಾಡಿ ಓಡಿಸುತ್ತಿದ್ದೀಯಾ" ಎಂದು ಕೇಳಿ, ಹೌದೆಂದರೆ ಇಟ್ಟುಬಿಡಿ. ಅವನೇ ಬಂದು ನಿಮ್ಮನ್ನು ಕಾಣುವ ಭಾಗ್ಯ ಉಳಿಯುತ್ತದೆ. ಅಲ್ಲಿ ದಂಡಕ್ಕೆ ಹೆದರಿ ಬೆಲ್ಟ್ ಕಟ್ಟುವವನು ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದೊಡನೆ ಅದನ್ನು ಮರೆಯುತ್ತಾನೆ. ಅವನನ್ನು ಕರೆತರಲು ನಡುರಾತ್ರಿಯಲ್ಲಿ ಭಟ್ಕಳದಿಂದಲೋ ಕುಂದಾಪುರದಿಂದಲೋ ನಿದ್ದೆಗೆಟ್ಟು ಧಾವಿಸುವ ಹುಡುಗರ ಕಾರಿನಲ್ಲಿ ಎಂಟು ಮಂದಿ ಇರುತ್ತಾರೆ. ಇದು ಇನ್ನೊಂದು ಲೇಖನದ ವಿಷಯ.

ಹಾಗಾದರೆ ಮಾಡಬೇಕಾದದ್ದೇನು? ಸುಲಭದ್ದರಿಂದಲೇ ಆರಂಭಿಸೋಣ. ಹತ್ತನೇ ತರಗತಿ ದಾಟದವರಿಗೆ ಸಿಗುವ ಇ.ಸಿ.ಆರ್. ಪಾಸ್‌ಪೋರ್ಟಿನಲ್ಲಿ ಬಹರೈನಿಗೆ ದುಡಿಯಲು ಹೋಗುವವರಿಗೆ ಭಾರತ ಸರಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಎಂದು 2017ರಲ್ಲಿ ನಿಗದಿಯಾದ ಕಂತು. ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 10 ಲಕ್ಷ ರೂಪಾಯಿ. ಹೋಗುವಾಗ ಏಜೆಂಟ್ ಮಾಡಿಸಿಕೊಟ್ಟ ಆ ಕಾಗದ ಎಲ್ಲಿದೆಯೆಂದು ಮನೆಯವರಿಗೆ ಗೊತ್ತಿರುವುದಿಲ್ಲ, ಅವಧಿ ಮುಗಿದ ಮೇಲೆ ನವೀಕರಿಸುವುದೂ ಇಲ್ಲ. ಇದನ್ನೋದುವ ಗಲ್ಫ್ ಕುಟುಂಬಗಳು ಇಂದೇ ಪೆಟ್ಟಿಗೆ ತೆರೆದು ಆ ಕಾಗದದ ತಾರೀಕು ನೋಡಲಿ. ಅಪಘಾತವಾದಲ್ಲಿ ಅರಬಿಯಲ್ಲಿ ಬರೆದ ಯಾವ ಪತ್ರಕ್ಕೂ, ವಿಶೇಷವಾಗಿ ಕ್ಷಮಾದಾನದ ಪತ್ರಕ್ಕೆ, ಓದಿಸಿ ಕೇಳದೆ ಸಹಿ ಹಾಕಬೇಡಿ. ಕ್ಷಮಿಸುವುದು ಕುಟುಂಬದ ಹಕ್ಕು. ಕಂಪೆನಿಯ ಗುಮಾಸ್ತ ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತುವುದು ಕ್ಷಮೆಯಲ್ಲ.

ಕಷ್ಟದ ಕೆಲಸ ಸಂಘ-ಸಂಸ್ಥೆಗಳದ್ದು. ಬಹರೈನಿನಲ್ಲಿ ಕನ್ನಡ ಸಂಘವಿದೆ, ಊರೂರಿನ ಜಮಾಅತುಗಳಿವೆ, ಜಾತಿ-ಸಮುದಾಯಗಳ ಕೂಟಗಳಿವೆ. ನಾಟಕ, ಯಕ್ಷಗಾನ, ಇಫ್ತಾರ್ ಕೂಟ, ರಕ್ತದಾನ ಎಲ್ಲವನ್ನೂ ಅವು ಸೊಗಸಾಗಿ ನಡೆಸುತ್ತವೆ. ಯಾರಾದರೂ ಸತ್ತರೆ ಶವವನ್ನು ಊರಿಗೆ ಕಳಿಸುವ ಓಡಾಟದಲ್ಲಿ ಅವರು ತೋರಿಸುವ ಒಗ್ಗಟ್ಟನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಪೆಟ್ಟಿಗೆ ಕಳಿಸುವುದರಲ್ಲಿ ತೋರಿದ ಶಿಸ್ತನ್ನು ಪೆಟ್ಟಿಗೆ ಬೇಕಾಗದಂತೆ ಮಾಡುವುದರಲ್ಲೂ ಏಕೆ ತೋರಬಾರದು? ತಮ್ಮ ಸದಸ್ಯರನ್ನೇ ಕೇಳಿ, ಕಾರ್ಮಿಕರು ದಿನವೂ ಎಲ್ಲೆಲ್ಲಿ ಹೆದ್ದಾರಿ ದಾಟುತ್ತಾರೆ, ಎಲ್ಲಿ ಜನ ಸತ್ತಿದ್ದಾರೆ, ಸಮೀಪದ ಮೇಲ್ಸೇತುವೆ ಅಲ್ಲಿಂದ ಎಷ್ಟು ದೂರವಿದೆ ಎಂದು ಒಂದು ನಕ್ಷೆಯಲ್ಲಿ ಗುರುತು ಹಾಕಲಿ. ನಾಲ್ಕು ಶುಕ್ರವಾರ ಸಾಕು. ಮಲಯಾಳಿಗಳನ್ನೂ ತಮಿಳರನ್ನೂ ಬಂಗಾಳಿಗಳನ್ನೂ ಸೇರಿಸಿಕೊಳ್ಳಲಿ, ರಸ್ತೆ ಯಾರ ಭಾಷೆಯನ್ನೂ ಕೇಳುವುದಿಲ್ಲ. ಮುಂದಿನ ವಾರ್ಷಿಕೋತ್ಸವಕ್ಕೆ ಊರಿನಿಂದ ಮಂತ್ರಿಯನ್ನು ಕರೆಸುವ ಬದಲು ಅಲ್ಲಿನ ಸಂಚಾರ ಇಲಾಖೆಯ ಅಧಿಕಾರಿಯನ್ನೂ ನಮ್ಮ ರಾಯಭಾರ ಕಚೇರಿಯವರನ್ನೂ ವೇದಿಕೆಗೆ ಕರೆಯಲಿ. ಶಾಲು ಹಾರಗಳು ಆದ ಮೇಲೆ ಆ ನಕ್ಷೆಯನ್ನು ಅವರ ಕೈಗೆ ಕೊಡಲಿ, ಅದರಲ್ಲಿ ಮೊದಲ ಕಾಲುಸೇತುವೆ ಎಲ್ಲಿ, ಯಾವಾಗ ಎಂದು ಸಭೆಯ ಮುಂದೆಯೇ ಕೇಳಲಿ.